ಕೆಲಸವನ್ನು ಇಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳುವುದನ್ನು ಬಿಡುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕೇರಳದ ಮಂಜೇಶ್ವರ ತಾಲೂಕಿನ ಒಂದು ಸೇವಾ ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಗುಮಾಸ್ತರಾಗಿದ್ದೀರಿ, ಭಾನುವಾರ ಊಟಕ್ಕೆ ಕುಳಿತಾಗಲೂ ಕಡತಗಳೇ ಕಣ್ಣ ಮುಂದೆ ಬರುತ್ತವೆ, ಯಾರೋ ತಪ್ಪಿಸಿದ ಲೆಕ್ಕಕ್ಕೆ ನಿಮ್ಮ ನಿದ್ದೆ ಕೆಡುತ್ತದೆ, ಜತೆಯವರು "ಇಷ್ಟೆಲ್ಲ ತಲೆಗೆ ಹಚ್ಚಿಕೊಂಡರೆ ಆಗಲಿಕ್ಕಿಲ್ಲ ಮಾರಾಯ್ರೇ" ಎಂದು ನಗುತ್ತಾರೆ. ಅವರಂತೆ ನಿಶ್ಚಿಂತರಾಗಿರುವುದನ್ನು ಕಲಿಯುವುದು ಹೇಗೆ ಎಂದು ಕೇಳಿದ್ದೀರಿ. ಇದೇ ಸೀಮೆಯ ಒಂದು ಸ್ಥಳೀಯಾಡಳಿತ ಕಚೇರಿಯಲ್ಲಿ ಬಹುಕಾಲ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ನನ್ನ ಅಭಿಪ್ರಾಯದಲ್ಲಿ, ಕಾಳಜಿಯನ್ನು ಕಡಿಮೆ ಮಾಡಿಕೊಳ್ಳುವುದು ನಿಮ್ಮಿಂದ ಆಗುವ ಕೆಲಸವಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ನಿಮ್ಮ ಕೈಯಲ್ಲಿ ಅಧಿಕಾರವೇ ಇಲ್ಲದ ವಿಷಯಗಳ ಹೊಣೆಯನ್ನು ಹೊರುವುದನ್ನು ಮಾತ್ರ ಬಿಡಬೇಕು.

ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1979ರಲ್ಲಿ ಪ್ರಕಟಿಸಿದ ಲೇಖನವೊಂದು ಇಂದಿಗೂ ಈ ವಿಷಯದಲ್ಲಿ ಉಲ್ಲೇಖವಾಗುತ್ತದೆ. ಕೆಲಸ ಹೆಚ್ಚಿರುವುದೊಂದೇ ಮನುಷ್ಯನನ್ನು ಹಣ್ಣು ಮಾಡುವುದಿಲ್ಲ, ಕೆಲಸ ಹೆಚ್ಚಿದ್ದು ಅದನ್ನು ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆಯಿದ್ದಾಗಲೇ ಒತ್ತಡ ಮಿತಿಮೀರುತ್ತದೆ ಎಂಬುದು ಅದರ ತಿರುಳು. ಇದನ್ನು ನಿಮ್ಮ ಮೇಜಿನ ಮೇಲಿಟ್ಟು ನೋಡಿ. ಅಡಿಕೆ ಕೃಷಿಕರೊಬ್ಬರ ಸಾಲದ ಕಂತು ಬಾಕಿಯಾಗಿದೆ. ಮಳೆ ಬಿಡದೆ ಹೊಯ್ದು ಮದ್ದು ಬಿಡಲು ಆಗದೆ ತೋಟಕ್ಕೆ ಕೊಳೆರೋಗ ಬಂದದ್ದು ನಿಮ್ಮಿಂದಲ್ಲ, ಅಡಿಕೆಯ ಧಾರಣೆ ಇಳಿದದ್ದು ನಿಮ್ಮಿಂದಲ್ಲ, ಬಡ್ಡಿಯ ದರವನ್ನು ನಿಶ್ಚಯಿಸುವವರೂ ನೀವಲ್ಲ. ನೋಟೀಸನ್ನು ಸಕಾಲದಲ್ಲಿ ಕಳುಹಿಸುವುದು, ಅವರಿಗೆ ಸಿಗಬಹುದಾದ ರಿಯಾಯಿತಿಯನ್ನು ಬಿಡಿಸಿ ಹೇಳುವುದು, ಲೆಕ್ಕವನ್ನು ಸರಿಯಾಗಿಡುವುದು, ಇವಿಷ್ಟೇ ನಿಮ್ಮವು. ಈ ಮೂರಕ್ಕೆ ಎಷ್ಟು ಬೇಕಾದರೂ ಅಕ್ಕರೆ ತೋರಿಸಿ, ಅದರಿಂದ ಯಾರ ನಿದ್ದೆಯೂ ಕೆಡುವುದಿಲ್ಲ.

ಹೊಣೆ ಹೀಗೆ ಎಲ್ಲೆ ಮೀರುವುದಕ್ಕೆ ನಮ್ಮ ಗಡಿನಾಡಿನಲ್ಲಿ ಇನ್ನೊಂದು ಕಾರಣವೂ ಇದೆ. ಹೊರಗಿನವರಿಗೆ ಇದು ಸುಲಭದಲ್ಲಿ ಅರ್ಥವಾಗದು. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶ ಕೇರಳದ ಕಾಯ್ದೆಯಲ್ಲಿದ್ದರೂ, ಕಚೇರಿಯಲ್ಲಿ ಕನ್ನಡ ಓದಬಲ್ಲವರು ಒಬ್ಬಿಬ್ಬರೇ ಇದ್ದರೆ ಆ ಅವಕಾಶದ ಭಾರವೆಲ್ಲ ಅವರ ಮೇಲೆಯೇ ಬೀಳುತ್ತದೆ. ನನ್ನ ಹೆಸರಿಗಿದ್ದದ್ದು ಕಟ್ಟಡ ತೆರಿಗೆಯ ಕಡತಗಳು. ಆದರೆ ಕನ್ನಡದಲ್ಲಿ ಬಂದ ಅರ್ಜಿ ಯಾವ ವಿಭಾಗದ್ದೇ ಆಗಿರಲಿ, ನೇರವಾಗಿ ನನ್ನ ಮೇಜಿಗೆ ಬರುತ್ತಿತ್ತು. ಪಿಂಚಣಿಗಾಗಿ ಬಂದ ಅಜ್ಜಿ ಮಲಯಾಳದ ನಮೂನೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಕೌಂಟರಿನ ಬಳಿ ತುಳುವಿನಲ್ಲಿ ವಿಚಾರಿಸುತ್ತಿದ್ದರೆ ಎದ್ದು ಹೋಗದೆ ಕುಳಿತಿರಲು ನನ್ನಿಂದಾಗುತ್ತಿರಲಿಲ್ಲ. ಅದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಈ ಕೆಲಸ ಯಾವ ದಾಖಲೆಯಲ್ಲೂ ಇರಲಿಲ್ಲ, ಹಾಗಾಗಿ ತಿಂಗಳ ಕೊನೆಗೆ ನನ್ನ ಪರ್ಸನಲ್ ರಿಜಿಸ್ಟರ್, ಅಂದರೆ ನನ್ನ ಹೆಸರಿನ ಕಡತಗಳ ದಾಖಲೆ ಪುಸ್ತಕ, ಪರಿಶೀಲಿಸಿದವರಿಗೆ ಕಾಣುತ್ತಿದ್ದದ್ದು ತೆರಿಗೆಯ ಬಾಕಿ ಕಡತಗಳು ಮಾತ್ರ. ಮಾಡುವವನಿಗೇ ಮತ್ತಷ್ಟು ಕೆಲಸ ಎಂಬುದು ಎಲ್ಲ ಕಚೇರಿಗಳ ಅಲಿಖಿತ ನಿಯಮ. ಅದನ್ನು ಯಾರೂ ದುರುದ್ದೇಶದಿಂದ ಮಾಡುವುದಿಲ್ಲವಾದ್ದರಿಂದಲೇ ಅದು ಕೊನೆಗಾಣುವುದೂ ಇಲ್ಲ.

ಕಡೆಗೆ ನಾನು ಒಂದು ಉದ್ದದ ಪುಸ್ತಕಕ್ಕೆ ಗೆರೆ ಹಾಕಿ, ಬೇರೆ ವಿಭಾಗಕ್ಕಾಗಿ ಓದಿಕೊಟ್ಟ ಅರ್ಜಿ, ಬರೆದುಕೊಟ್ಟ ಉತ್ತರ, ತುಂಬಿಸಿಕೊಟ್ಟ ನಮೂನೆ ಇವುಗಳನ್ನು ದಿನಾಂಕ ಸಹಿತ ಬರೆದಿಡತೊಡಗಿದೆ. ಕೆಲವು ತಿಂಗಳ ಬಳಿಕ ಅದನ್ನು ಒಂದು ಟಿಪ್ಪಣಿಯ ಜತೆ ಮೇಲಧಿಕಾರಿಗಳ ಮುಂದಿಟ್ಟೆ. ದೂರಿನ ಮಾತು ಅದರಲ್ಲಿ ಒಂದೂ ಇರಲಿಲ್ಲ. ಇಷ್ಟು ಕೆಲಸ ನಡೆಯುತ್ತಿದೆ, ಇದನ್ನು ನನಗೇ ವಹಿಸುವುದಾದರೆ ತೆರಿಗೆಯ ಇಂತಿಂಥ ವಾರ್ಡುಗಳನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಯಾವುದು ಮೊದಲು ಆಗಬೇಕೆಂದು ತಾವೇ ಆದೇಶಿಸಬೇಕು ಎಂದಷ್ಟೇ ಬರೆದಿದ್ದೆ. ವಾರ್ಡುಗಳು ಬದಲಾಗಲು ಮತ್ತೂ ಬಹಳ ಸಮಯ ಹಿಡಿಯಿತು, ಅದೂ ಅರ್ಧಂಬರ್ಧ. ಆದರೆ ಬಾಕಿ ಕಡತಗಳು ನನ್ನ ಸೋಮಾರಿತನವಲ್ಲ, ಕಚೇರಿ ತಿಳಿದೂ ಒಪ್ಪಿಕೊಂಡ ವ್ಯವಸ್ಥೆ ಎಂಬುದು ಕಾಗದದ ಮೇಲೆ ಬಂದ ಮೇಲೆ ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ನೀವೂ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಸಹಕಾರಿ ಬ್ಯಾಂಕುಗಳಲ್ಲಿ ಮಾರ್ಚ್ ತಿಂಗಳ ವಸೂಲಿಯ ಗಡಿಬಿಡಿ ಹೇಗಿರುತ್ತದೆಂದು ಬಲ್ಲೆ. ಆಗ ಬಾಯಿಮಾತನ್ನು ನೆನಪಿಟ್ಟುಕೊಳ್ಳುವವರು ಯಾರೂ ಇರುವುದಿಲ್ಲ.

ಭಾನುವಾರದ ಕಾಟಕ್ಕೆ ಒಂದು ಸಣ್ಣ ಉಪಾಯವಿದೆ. ಮುಗಿಯದ ಕೆಲಸ ಮನಸ್ಸನ್ನು ಮತ್ತೆ ಮತ್ತೆ ಕೆಣಕುತ್ತದೆ, ಆದರೆ ಅದನ್ನು ಯಾವಾಗ, ಹೇಗೆ ಮಾಡುವುದೆಂಬ ಖಚಿತ ಯೋಜನೆ ಹಾಕಿಕೊಂಡರೆ ಆ ಕೆಣಕಾಟ ತಗ್ಗುತ್ತದೆ ಎಂದು ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಶನಿವಾರ ಬ್ಯಾಂಕಿನಿಂದ ಹೊರಡುವ ಮುನ್ನ "ಸೋಮವಾರ ಮೊದಲು ಇಂಥ ಕಡತ, ಅದರಲ್ಲಿ ಇಂಥ ಕಾಗದ" ಎಂದು ಬರೆದು ಅಲ್ಲಿಯೇ ಇಟ್ಟು ಬನ್ನಿ. ಕಚೇರಿಯ ವಾಟ್ಸ್ಆ್ಯಪ್ ಗುಂಪನ್ನು ರಜೆಯ ದಿನ ತೆರೆಯದಿರುವುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಇನ್ನು ನಿಮ್ಮನ್ನು ನೋಡಿ ನಗುವ ಜತೆಯವರ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಉದ್ಯೋಗದಿಂದುಂಟಾಗುವ ಬಳಲಿಕೆಯನ್ನು, ಅಂದರೆ ಬರ್ನ್‌ಔಟನ್ನು, ವಿವರಿಸಿತು. ಅದನ್ನು ಕಾಯಿಲೆ ಎನ್ನದೆ, ದೀರ್ಘಕಾಲ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದ ಪರಿಣಾಮ ಎಂದಿತು. ಅದರ ಲಕ್ಷಣಗಳು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ದೂರಭಾವ ಅಥವಾ ತಾತ್ಸಾರ ಮೂಡುವುದು, ಕಾರ್ಯಕ್ಷಮತೆ ಕುಗ್ಗುವುದು. ಎರಡನೆಯದನ್ನು ಗಮನಿಸಿ. ನೀವು ಯಾವ ನಿಶ್ಚಿಂತೆಯನ್ನು ಕಲಿಯಬೇಕೆಂದು ಬಯಸುತ್ತಿದ್ದೀರೋ ಅದು ಕೆಲವರಲ್ಲಿ ನೆಮ್ಮದಿಯಾಗಿರದೆ ಬಳಲಿಕೆಯೇ ಆಗಿರಬಹುದು. ನಗುವವರಲ್ಲಿ ಒಬ್ಬಿಬ್ಬರು ಹತ್ತು ವರ್ಷಗಳ ಹಿಂದೆ ನಿಮ್ಮಂತೆಯೇ ಇದ್ದಿರಲೂ ಸಾಕು. ನಿಮಗೆ ಈಗಾಗಲೇ ಬ್ಯಾಂಕಿನ ಬಾಗಿಲು ಕಂಡರೆ ಎದೆ ಹೊಡೆದುಕೊಳ್ಳುವುದು, ಊಟ ನಿದ್ದೆ ವಾರಗಟ್ಟಲೆ ತಪ್ಪುವುದು ಇದ್ದರೆ ನನ್ನ ಉಪದೇಶ ಸಾಲದು, ವೈದ್ಯರನ್ನು ಕಾಣಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು.

ನಮ್ಮಂಥ ಊರುಗಳಲ್ಲಿ ಸಾಲಗಾರರು ನೆಂಟರೂ ನೆರೆಯವರೂ ಆಗಿರುತ್ತಾರೆ. ಮದುವೆಯ ಪಂಕ್ತಿಯಲ್ಲಿ, ಕೋಲದ ಚಪ್ಪರದಲ್ಲಿ ಪಕ್ಕಕ್ಕೆ ಕರೆದು "ನನ್ನದೊಂದು ಎಂತಾಯ್ತು" ಎಂದು ಕೇಳುವವರಿಗೆ ಅಲ್ಲಿಯೇ ಲೆಕ್ಕ ಒಪ್ಪಿಸಬೇಡಿ. "ಸೋಮವಾರ ಹತ್ತು ಗಂಟೆಯ ಮೇಲೆ ಪಾಸ್‌ಬುಕ್ ಹಿಡಿದುಕೊಂಡು ಬನ್ನಿ, ನೋಡಿಯೇ ಹೇಳುತ್ತೇನೆ" ಎನ್ನಿ. ಒಂದಿಬ್ಬರು ಮುಖ ದಪ್ಪ ಮಾಡಿಕೊಳ್ಳುತ್ತಾರೆ, ಉಳಿದವರು ಸೋಮವಾರ ಬರುತ್ತಾರೆ. ಬಂದವರ ಕೆಲಸವನ್ನು ನೀವು ಚೆನ್ನಾಗಿಯೇ ಮಾಡಿಕೊಡುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.