ಜಿಮ್ ಕಟ್ಟೋಕೆ ದುಡ್ಡಿದೆ, ಟೀಚರ್‌ಗೆ ಇಲ್ವಾ?

ನಮಸ್ಕಾರ ಸರ್,

ನಿಮ್ಮ ಪತ್ರ ಎರಡು ಸಲ ಓದ್ದೆ. ಮೊದಲನೇ ಸಲ ಸ್ವಲ್ಪ ಸಿಟ್ಟು ಬಂತು, ಎರಡನೇ ಸಲ ತಪ್ಪು ನಮ್ಮ ಕಡೆನೂ ಇದೆ ಅಂತ ಗೊತ್ತಾಯ್ತು. ಉಳಿದ ಓದುಗರಿಗೆ ಎರಡು ಮಾತಲ್ಲಿ ಹೇಳ್ಬಿಡ್ತೀನಿ: ಇವರು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 1998ರಲ್ಲಿ ಮನೆ ತಗೊಂಡೋರು, ಈಗ 66 ವರ್ಷ, ಮಕ್ಕಳಿಬ್ರೂ ಓದು ಮುಗಿಸಿ ಎಷ್ಟೋ ಕಾಲ ಆಯ್ತು. ಹೋದ ಸಂಚಿಕೇಲಿ ನಾವು "ಶಾಲೆ ಮೆಷರ್ ಬ್ಯಾಲೆಟ್‌ಗೆ ಬಂದ್ರೆ ಯೆಸ್ ಹಾಕಿ" ಅಂತ ಬರೆದಿದ್ದಕ್ಕೆ (ಮೆಷರ್ ಅಂದ್ರೆ ಊರವರ ಓಟಿಗೆ ಬಿಡೋ ಪ್ರಸ್ತಾವ) ಅವರು ಕೇಳಿರೋದು ಇಷ್ಟು. ಹಿಂದಿನ ಬಾಂಡ್‌ಗೆ (ಶಾಲೆಗೆ ಅಂತ ತಗೊಳ್ಳೋ ಸಾಲ, ತೀರಿಸೋದು ಮನೆ ತೆರಿಗೆಯಿಂದ) ಯೆಸ್ ಹಾಕಿದ್ದೆ, ಆ ದುಡ್ಡಲ್ಲಿ ಹೊಳೆಯೋ ಜಿಮ್ ಕಟ್ಟಿದ್ರು, ಅದೇ ವರ್ಷ ಟೀಚರ್‌ಗಳಿಗೆ ಲೇಆಫ್ ನೋಟಿಸ್ ಕೊಟ್ರು, ಇದು ಮೋಸ ಅಲ್ವಾ? ಸಿಲಿಕಾನ್ ವ್ಯಾಲಿ ಮಧ್ಯದಲ್ಲಿ ಕೂತಿರೋ ಶಾಲೆಗೆ ದುಡ್ಡಿಲ್ಲ ಅಂದ್ರೆ ಯಾರು ನಂಬ್ತಾರೆ? ಶಾಲೆಗೆ ಅಂತ ಬರೋ ರಾಜ್ಯದ ಲಾಟರಿ ದುಡ್ಡು ಎಲ್ಲಿ ಹೋಯ್ತು? ಶಾಲೆಗೆ ಹೋಗೋ ಮಕ್ಕಳೇ ಇಲ್ಲದ ಮನೆಯವರು ಯಾಕೆ ಟ್ಯಾಕ್ಸ್ ಕಟ್ಬೇಕು?

ಜಿಮ್ ವಿಷಯದಿಂದ ಶುರು ಮಾಡ್ತೀನಿ, ಯಾಕಂದ್ರೆ ತಪ್ಪು ಮಾಡಿರೋದು ಅಲ್ಲೇ ನಾವು. ಹೋದ ಸಂಚಿಕೆ ಲೇಖನದಲ್ಲಿ ಬಾಂಡು, ಪಾರ್ಸೆಲ್ ಟ್ಯಾಕ್ಸು (ಒಂದೊಂದು ಆಸ್ತಿಗೆ ಇಷ್ಟು ಅಂತ ಹಾಕೋ ತೆರಿಗೆ) ಎರಡನ್ನೂ ಒಂದೇ ಚೀಲಕ್ಕೆ ತುಂಬಿ "ಟೀಚರ್‌ಗಳನ್ನ ಉಳಿಸಿಕೊಳ್ಳೋಕೆ" ಅಂತ ಬರೆದಿದ್ವಿ. ಅದು ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಬಾಂಡ್ ದುಡ್ಡಲ್ಲಿ ಒಬ್ಬ ಟೀಚರ್‌ಗೂ ಸಂಬಳ ಕೊಡೋ ಹಾಗಿಲ್ಲ. ಕಟ್ಟಡ, ಸೋರೋ ಛಾವಣಿ, ಪೈಪು, ಲ್ಯಾಬು, ಭೂಕಂಪ ತಡೆಯೋ ಕೆಲಸ, ಇಂಥದ್ದಕ್ಕೆ ಮಾತ್ರ. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟು (ಊರಿನ ಶಾಲೆಗಳನ್ನ ನಡೆಸೋ ಸಂಸ್ಥೆ) ಜಿಮ್ ಬಿಟ್ಟು ಆ ದುಡ್ಡನ್ನ ಸಂಬಳಕ್ಕೆ ಹಾಕಿದ್ದಿದ್ರೆ ಆಗ ಮೋಸ ಆಗ್ತಿತ್ತು, ಯಾರಾದ್ರೂ ಕೋರ್ಟಿಗೂ ಹೋಗ್ತಿದ್ರು. ಸಂಬಳ, ಲೈಬ್ರರಿಯನ್, ಮಕ್ಕಳ ಕೌನ್ಸೆಲರ್, ಮ್ಯೂಸಿಕ್ ಕ್ಲಾಸು ಇದಕ್ಕೆಲ್ಲ ಊರವರು ನೇರವಾಗಿ ಕೊಡಬಹುದಾದ ದಾರಿ ಅಂದ್ರೆ ಪಾರ್ಸೆಲ್ ಟ್ಯಾಕ್ಸು. ಅಂದ್ರೆ ಒಂದೇ ಕಾಂಪೌಂಡಿನಲ್ಲಿ ಹೊಸ ಜಿಮ್ಮೂ ಲೇಆಫ್ ನೋಟಿಸೂ ಒಟ್ಟಿಗೆ ಇರೋದು ವಿಚಿತ್ರ ನಿಜ, ಆದ್ರೆ ಕಾನೂನು ಆ ಥರ ಇದೆ. ಜಿಮ್ ಬದಲು ಇನ್ನೇನಾದ್ರೂ ಕಟ್ಟಬೇಕಿತ್ತು ಅಂತ ನೀವು ಹೇಳಿದ್ರೆ ಅದು ಬೇರೆ ಜಗಳ, ಅದರಲ್ಲಿ ನಾನೂ ನಿಮ್ಮ ಕಡೆನೇ ಇರಬಹುದು.

ಇನ್ನು ಸಿಲಿಕಾನ್ ವ್ಯಾಲಿ ಶ್ರೀಮಂತಿಕೆ. ಇಲ್ಲಿಗೆ ಬಂದ ಹೊಸದ್ರಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ, ಇಷ್ಟು ದುಬಾರಿ ಮನೆಗಳು, ಇಷ್ಟು ಪ್ರಾಪರ್ಟಿ ಟ್ಯಾಕ್ಸು, ಅದೆಲ್ಲ ಪಕ್ಕದ ಶಾಲೆಗೇ ಹೋಗುತ್ತೆ ಅಂತ. ಹೋಗಲ್ಲ ಸರ್. 1971ರಲ್ಲಿ ಸೆರಾನೋ ಕೇಸಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು, ಊರಿನ ಆಸ್ತಿ ಬೆಲೆ ನೋಡ್ಕೊಂಡು ಮಗುವಿನ ಓದಿಗೆ ಹೆಚ್ಚುಕಮ್ಮಿ ದುಡ್ಡು ಸಿಗೋದು ಸರಿಯಲ್ಲ ಅಂತು. ಆಮೇಲೆ 1978ರಲ್ಲಿ ಹೋವರ್ಡ್ ಜಾರ್ವಿಸ್, ಪಾಲ್ ಗ್ಯಾನ್ ಸೇರಿ ಇಡೀ ರಾಜ್ಯದ ಓಟಿಗೆ ತಂದ ಪ್ರೊಪೊಸಿಷನ್ 13 ಪಾಸಾಯ್ತು, ಪ್ರಾಪರ್ಟಿ ಟ್ಯಾಕ್ಸು 1 ಪರ್ಸೆಂಟಿಗೆ ನಿಂತೋಯ್ತು, ಮನೆ ಮಾರೋವರೆಗೂ ಲೆಕ್ಕದ ಬೆಲೆ ವರ್ಷಕ್ಕೆ 2 ಪರ್ಸೆಂಟಿಗಿಂತ ಏರೋ ಹಾಗಿಲ್ಲ. ಆವತ್ತಿಂದ ಶಾಲೆ ದುಡ್ಡಿನ ಕೀಲಿಕೈ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿದೆ. 2013ರಿಂದ ಇರೋ ಫಾರ್ಮುಲಾ ಪ್ರಕಾರ ಬಡ ಮಕ್ಕಳು, ಇಂಗ್ಲಿಷ್ ಕಲೀತಿರೋ ಮಕ್ಕಳು ಜಾಸ್ತಿ ಇರೋ ಡಿಸ್ಟ್ರಿಕ್ಟಿಗೆ ಹೆಚ್ಚು ಸಿಗುತ್ತೆ. ಅದು ನ್ಯಾಯವೇ. ಆದ್ರೆ ಅಂಥ ಮಕ್ಕಳು ಕಮ್ಮಿ ಇರೋ, ಟೀಚರ್‌ಗೆ ಬಾಡಿಗೆ ಮನೆ ಮಾತ್ರ ಆಕಾಶಕ್ಕೆ ಮುಟ್ಟಿರೋ ಊರಿಗೆ ಬರೀ ಬೇಸ್ ಮೊತ್ತ ಬಂದು ಬೀಳುತ್ತೆ. ಸ್ಥಳೀಯ ಪ್ರಾಪರ್ಟಿ ಟ್ಯಾಕ್ಸೇ ಆ ಫಾರ್ಮುಲಾ ಮೀರಿಸೋ ಪಾಲೋ ಆಲ್ಟೋ ಥರದ ಕೆಲವು ಡಿಸ್ಟ್ರಿಕ್ಟುಗಳು ಮಾತ್ರ ಹೆಚ್ಚಿನದ್ದನ್ನ ಇಟ್ಕೊಳ್ತವೆ.

ಲಾಟರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಶಾಲೆಗಳ ಒಟ್ಟು ದುಡ್ಡಲ್ಲಿ ಅದು ನೂರಕ್ಕೆ ಒಂದೋ ಎರಡೋ, ಉಪ್ಪಿನಕಾಯಿ ಇದ್ದಂಗೆ, ಅದರಲ್ಲೇ ಊಟ ಆಗಲ್ಲ.

ಯಾರು ಎಷ್ಟು ಕಟ್ತಾರೆ ಅನ್ನೋದು ನಿಮ್ಮ ಪತ್ರದಲ್ಲಿ ಇಲ್ಲ, ನಮ್ಮ ಲೇಖನದಲ್ಲೂ ಇರಲಿಲ್ಲ, ಆದ್ರೆ ಜಗಳದ ಮೂಲ ಅಲ್ಲೇ ಇದೆ. ಬಾಂಡ್ ಸಾಲ ತೀರೋದು ಮನೆಯ ಅಸೆಸ್ಡ್ ಬೆಲೆ (ಮೇಲೆ ಹೇಳಿದ ಲೆಕ್ಕದ ಬೆಲೆ) ಮೇಲೆ, ಮಾರ್ಕೆಟ್ ಬೆಲೆ ಮೇಲಲ್ಲ. ಎಲಿಮೆಂಟರಿ ಅಥವಾ ಹೈಸ್ಕೂಲ್ ಡಿಸ್ಟ್ರಿಕ್ಟು 55 ಪರ್ಸೆಂಟ್ ಓಟಲ್ಲಿ ಪಾಸ್ ಮಾಡಿಸ್ಕೊಳ್ಳೋ ಒಂದು ಬಾಂಡ್‌ಗೆ 1 ಲಕ್ಷ ಡಾಲರ್ ಬೆಲೆಗೆ ವರ್ಷಕ್ಕೆ 30 ಡಾಲರ್ ಮಿತಿ, ಎರಡೂ ಸೇರಿರೋ ಯೂನಿಫೈಡ್ ಡಿಸ್ಟ್ರಿಕ್ಟಾದ್ರೆ 60. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ, ನೀವು 1998ರಲ್ಲಿ 5 ಲಕ್ಷ ಡಾಲರಿಗೆ ತಗೊಂಡ್ರಿ, ವರ್ಷಕ್ಕೆ 2 ಪರ್ಸೆಂಟ್ ಏರಿ 27 ವರ್ಷಕ್ಕೆ ಸುಮಾರು ಎಂಟೂವರೆ ಲಕ್ಷ ಆಯ್ತು, 30ರ ರೇಟಲ್ಲಿ ನಿಮ್ಮ ಪಾಲು ಸುಮಾರು 256 ಡಾಲರ್. ಪಕ್ಕದ ಮನೆಗೆ ಮೂರು ವರ್ಷದ ಹಿಂದೆ 25 ಲಕ್ಷ ಡಾಲರ್ ಕೊಟ್ಟು ಬಂದ ಮೈಸೂರಿನ ಹುಡುಗ ಹುಡುಗಿ, ಅದೇ ಸೈಜಿನ ಮನೆ, ಅವರು ಕಟ್ಟೋದು ಹತ್ರತ್ರ 800. ಅವರ ಮಗು ಇನ್ನೂ ಡೇಕೇರಲ್ಲಿದೆ. ಆ ಹುಡುಗ ಇನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲಿದ್ರೆ ಓಟೂ ಇಲ್ಲ, ಬಿಲ್ಲು ಮಾತ್ರ ಬರುತ್ತೆ. (ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2016ರಲ್ಲಿ ಪಾಸಾದ ಮೆಷರ್‌ನಿಂದ ಸಿಟಿಜನ್ ಅಲ್ಲದ ಅಪ್ಪ ಅಮ್ಮಂದಿರು ಸ್ಕೂಲ್ ಬೋರ್ಡಿಗೆ ಓಟ್ ಹಾಕಬಹುದು, ಬಾಂಡಿಗೆ ಅಲ್ಲ.) ಹಾಗಾಗಿ "ಶಾಲೆಗೆ ಹೋಗೋ ಮಕ್ಕಳಿಲ್ಲದ ನಾನು ಯಾಕೆ ಹೊರೆ ಹೊರಬೇಕು" ಅಂತ ನೀವು ಕೇಳಿದಾಗ ನನಗೆ ಆ ಪಕ್ಕದ ಮನೆಯವರೇ ನೆನಪಾದ್ರು, ಬೇಜಾರ್ ಮಾಡ್ಕೋಬೇಡಿ.

ಪಾರ್ಸೆಲ್ ಟ್ಯಾಕ್ಸಿನ ಅನ್ಯಾಯ ಇದಕ್ಕೆ ಉಲ್ಟಾ. ಅಲ್ಲಿ ಬೆಲೆ ನೋಡಲ್ಲ, ಸಾಮಾನ್ಯವಾಗಿ ಒಂದು ಪಾರ್ಸೆಲ್‌ಗೆ ಇಷ್ಟು ಅಂತ, ಪುಟ್ಟ ಕಾಂಡೋಗೂ ಅಷ್ಟೇ ದೊಡ್ಡ ಬಂಗಲೆಗೂ ಅಷ್ಟೇ. ಅಲಮೇಡಾದಲ್ಲಿ 2008ರಲ್ಲಿ ಮನೆಗೊಂದು ದೊಡ್ಡ ವ್ಯಾಪಾರದ ಜಾಗಕ್ಕೊಂದು ರೇಟ್ ಮಾಡೋಕೆ ಹೋದ್ರು, ಕೋರ್ಟು ಆಗಲ್ಲ ಅಂತು. ಲಾಸ್ ಏಂಜಲಿಸ್‌ನಲ್ಲಿ 2019ರ ಜೂನಲ್ಲಿ ಕಟ್ಟಡದ ಚದರಡಿಗೆ 16 ಸೆಂಟ್ ಅಂತ ಮೆಷರ್ ಇಇ ತಂದ್ರು. ಅದೇ ವರ್ಷ ಜನವರೀಲಿ ಟೀಚರ್‌ಗಳ ಮುಷ್ಕರಕ್ಕೆ ಇಡೀ ಊರು ಬೀದಿಗೆ ಬಂದು ಜೈ ಅಂದಿತ್ತು. ಐದು ತಿಂಗಳಾದ್ಮೇಲೆ ಓಟ್ ಎಣಿಸಿದ್ರೆ ಅರ್ಧನೂ ದಾಟಲಿಲ್ಲ, ಬೇಕಾಗಿದ್ದು ಮೂರನೇ ಎರಡು ಭಾಗ.

ಈ ಮೂರನೇ ಎರಡು ಅನ್ನೋದು ನೀವು ಗಮನಿಸಬೇಕಾದ್ದು. ಡಿಸ್ಟ್ರಿಕ್ಟು ತರೋ ಪಾರ್ಸೆಲ್ ಟ್ಯಾಕ್ಸ್‌ನಲ್ಲಿ ನಿಮ್ಮ ಒಂದು ನೋ ಇದೆಯಲ್ಲ, ಅದನ್ನ ಸರಿಗಟ್ಟೋಕೆ ಎರಡು ಯೆಸ್ ಬೇಕು. ನೀವು ಒಬ್ರೇ ಕೂತು ನೋ ಅಂತ ಗುರುತು ಹಾಕಿದ್ರೆ, ಪಕ್ಕದ ಮನೆ ಗಂಡ ಹೆಂಡತಿ ಇಬ್ರೂ ಸಿಟಿಜನ್ ಆಗಿ ಇಬ್ರೂ ಯೆಸ್ ಹಾಕಿದ್ರೆ ಮಾತ್ರ ಸಮ. ಬಾಂಡಿಗೂ ಹಿಂದೆ ಹೀಗೇ ಇತ್ತು, 2000ದ ನವೆಂಬರಲ್ಲಿ ಪ್ರೊಪೊಸಿಷನ್ 39 ಪಾಸಾದ್ಮೇಲೆ 55 ಪರ್ಸೆಂಟ್ ಸಾಕು ಅಂತಾಯ್ತು, ಬದಲಿಗೆ ಯಾವ್ಯಾವ ಕೆಲಸ ಅಂತ ಮೊದಲೇ ಪಟ್ಟಿ ಕೊಡಬೇಕು, ಪ್ರತಿ ವರ್ಷ ಆಡಿಟ್ ಆಗಬೇಕು, ಊರವರ ಓವರ್‌ಸೈಟ್ ಕಮಿಟಿ ಇರಬೇಕು. ಆ ಕಮಿಟಿಗಳಲ್ಲಿ ಎಷ್ಟೋ ಕಡೆ ಕೂರೋಕೆ ಜನನೇ ಸಿಗಲ್ಲ. ನಿಮ್ಮಂಥ ರಿಟೈರ್ಡ್ ಇಂಜಿನಿಯರು ಕಟ್ಟಡದ ಬಿಲ್ ಓದಿದ್ರೆ ಕಂಟ್ರಾಕ್ಟರು ಬೆವರ್ತಾನೆ, ಇದು ತಮಾಷೆಗೆ ಹೇಳ್ತಿಲ್ಲ.

ಕುಪರ್ಟಿನೋ ಕಥೆ ನಿಮಗೂ ಗೊತ್ತಿರುತ್ತೆ. 2020ರ ಮಾರ್ಚಲ್ಲಿ 125 ಡಾಲರಿನ ಪಾರ್ಸೆಲ್ ಟ್ಯಾಕ್ಸು ಮೂರನೇ ಎರಡು ಸಿಗದೆ ಬಿತ್ತು. ಅದೇ ದಿನ ರಾಜ್ಯದ 1,500 ಕೋಟಿ ಡಾಲರಿನ ಶಾಲೆ ಬಾಂಡೂ ಬಿತ್ತು. ಅದರ ಹೆಸರೂ ಪ್ರೊಪೊಸಿಷನ್ 13 ಅಂತಲೇ ಇತ್ತು, ಇದ್ಯಾವುದೋ 1978ರದ್ದನ್ನ ತಿದ್ದೋಕೆ ಬಂದಿರೋದು ಅಂತ ಎಷ್ಟೋ ಜನ ಅಂದ್ಕೊಂಡ್ರು. ಮರು ವರ್ಷ ಮೇ ತಿಂಗಳಲ್ಲಿ ಕುಪರ್ಟಿನೋ ಮತ್ತೆ ಓಟಿಗೆ ಹೋಗಿ 398 ಡಾಲರ್ ಪಾಸ್ ಮಾಡಿಸ್ಕೊಳ್ತು. ಆದ್ರೂ ಆ ವರ್ಷವೇ ಕೆಲವು ಎಲಿಮೆಂಟರಿ ಶಾಲೆ ಮುಚ್ಚೋ ತೀರ್ಮಾನ ಆಯ್ತು, ಯಾಕಂದ್ರೆ ಮಕ್ಕಳ ಸಂಖ್ಯೆನೇ ಇಳೀತಿತ್ತು. ಟ್ಯಾಕ್ಸ್ ಕೊಟ್ರೆ ಎಲ್ಲ ಸರಿಹೋಗುತ್ತೆ ಅಂತ ನಾವು ಹೋದ ಸಲ ಬರೆದ ಧಾಟಿ ಇತ್ತಲ್ಲ, ಅದನ್ನೂ ವಾಪಸ್ ತಗೊಳ್ತೀನಿ.

ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಸ್ಯಾನ್ ಡಿಯೇಗೋ ಹತ್ರದ ಪೋವೇ ಡಿಸ್ಟ್ರಿಕ್ಟು 2011ರಲ್ಲಿ 10.5 ಕೋಟಿ ಡಾಲರ್ ಸಾಲ ತಗೊಂಡು, ಮೊದಲ ಇಪ್ಪತ್ತು ವರ್ಷ ಏನೂ ಕಟ್ಟದೆ, ಆಮೇಲೆ ಬಡ್ಡಿ ಚಕ್ರಬಡ್ಡಿ ಸೇರಿ ನೂರು ಕೋಟಿ ಹತ್ರ ಕಟ್ಟೋ ಹಾಗೆ ಮಾಡ್ಕೊಳ್ತು. ನಮ್ಮೂರ ಕಡೆ ಮೀಟರ್ ಬಡ್ಡಿಯವರೂ ನಾಚ್ಕೋಬೇಕು. 2013ರಲ್ಲಿ ಕಾನೂನು ಬಂತು, ಅಂಥ ಸಾಲ 25 ವರ್ಷ ಮೀರಬಾರದು, ತೀರಿಸೋದು ಅಸಲಿನ ನಾಲ್ಕು ಪಟ್ಟು ದಾಟಬಾರದು ಅಂತ.

ಇನ್ನೊಂದು ಮಾತು. ಶಾಲೆ ಚೆನ್ನಾಗಿದ್ರೆ ನಿಮ್ಮ ಮನೆ ರೇಟ್ ಏರುತ್ತೆ, ಅದಕ್ಕೇ ಯೆಸ್ ಹಾಕಿ ಅಂತ ಹೇಳೋರಿದ್ದಾರೆ, ಆ ವಾದ ನನಗೆ ಸೇರಲ್ಲ. ಮನೆ ರೇಟ್ ಏರಿದಷ್ಟೂ ಟೀಚರ್‌ಗಳು ದೂರದ ಟ್ರೇಸಿಯಿಂದ ದಿನಾ ಕಾರ್ ಓಡಿಸ್ಕೊಂಡು ಬರಬೇಕಾಗುತ್ತೆ. ಇನ್ನು ನಮ್ಮ ಕರ್ನಾಟಕದಲ್ಲಿ ಆಸ್ತಿ ತೆರಿಗೆ ಜೊತೆ 6 ಪರ್ಸೆಂಟ್ ಲೈಬ್ರರಿ ಸೆಸ್ ಕಟ್ತೀವಲ್ಲ, ಇನ್‌ಕಮ್ ಟ್ಯಾಕ್ಸ್ ಮೇಲೆ 4 ಪರ್ಸೆಂಟ್ ಆರೋಗ್ಯ ಶಿಕ್ಷಣ ಸೆಸ್ ಬೇರೆ, ಒಂದು ಸಲನಾದ್ರೂ ಕೊಡ್ತೀಯೇನಪ್ಪಾ ಅಂತ ಯಾರಾದ್ರೂ ಕೇಳಿದ್ರಾ? ಇಲ್ಲಿ ಕೇಳ್ತಾರೆ, ಯಾವ ಶಾಲೆ ಛಾವಣಿ ಅಂತ ಬರೆದುಕೊಟ್ಟು ಕೇಳ್ತಾರೆ. ಅದಕ್ಕೇ ನಾನು ಮೆಷರ್ ಪೂರ್ತಿ ಓದಿ ಓಟ್ ಹಾಕ್ತೀನಿ, ಒಂದು ಸಲ ನೋ ಕೂಡ ಹಾಕಿದ್ದೀನಿ, ಕೆಲಸದ ಪಟ್ಟಿ ತೀರಾ ಜಾಳುಜಾಳಾಗಿತ್ತು.

ಕೊನೆಯ ಸಾಲಲ್ಲಿ "ಈ ಸಲದ ಪಾರ್ಸೆಲ್ ಟ್ಯಾಕ್ಸಿಗೆ ನನ್ನದು ನೋ, ಪೆನ್ಷನ್‌ನಲ್ಲಿ ಆಗಲ್ಲ" ಅಂತ ಬರೆದಿದ್ದೀರಿ. ಹಾಕಿ ಸರ್, ನಿಮ್ಮ ಓಟು. ಆದ್ರೆ ಅದಕ್ಕೆ ಮುಂಚೆ ನಿಮ್ಮ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ಡಿಸೆಂಬರ್ 10 ಮತ್ತು ಏಪ್ರಿಲ್ 10ರ ಒಳಗೆ ಕಟ್ಟೋ ಅದೇ ಬಿಲ್ಲು. ಬಾಂಡ್‌ಗಳು ಪರ್ಸೆಂಟ್ ಲೆಕ್ಕದಲ್ಲಿ ಒಂದು ಕಡೆ ಇರುತ್ತೆ, ಪಾರ್ಸೆಲ್ ಟ್ಯಾಕ್ಸು ಇಷ್ಟು ಡಾಲರ್ ಅಂತ ಬೇರೆ ಕಡೆ ಇರುತ್ತೆ. ಹೆಚ್ಚಿನ ಡಿಸ್ಟ್ರಿಕ್ಟುಗಳಲ್ಲಿ 65 ತುಂಬಿ ಸ್ವಂತ ಮನೇಲಿರೋರಿಗೆ ಪಾರ್ಸೆಲ್ ಟ್ಯಾಕ್ಸ್ ಮಾಫಿ ಇದೆ, ಆದ್ರೆ ಅರ್ಜಿ ಹಾಕಬೇಕು, ಕೆಲವು ಕಡೆ ಪ್ರತಿ ವರ್ಷ ಹಾಕಬೇಕು. ನಿಮಗೆ 66, ಅಂದ್ರೆ ಹೋದ ವರ್ಷನೇ ಸುಮ್ನೆ ಕಟ್ಟಿರಬಹುದು. ಯುಗಾದಿ ಕಾರ್ಯಕ್ರಮಕ್ಕೆ ಬಿಲ್ ತಗೊಂಡ್ ಬನ್ನಿ, ಹೋಳಿಗೆ ಆದ್ಮೇಲೆ ಕೂತು ಫಾರ್ಮ್ ತುಂಬೋಣ.

— ಸಂಪಾದಕ