ಪಾಕೀಟಿನಿಂದ ಶುರು ಮಾಡ್ರಿ

ನಮಸ್ಕಾರ್ರಿ. ಗದಗದಿಂದ ನೀವು ಕಳಿಸಿದ 'ಹೊಸ ಔಷಧ ಹಳೆಯದಕ್ಕಿಂತ ಉತ್ತಮವೇ?' ಲೇಖನ ಎರಡ ಸಲ ಓದೀನಿ, ಒಮ್ಮೆ ಆಫೀಸಿನಾಗ, ಇನ್ನೊಮ್ಮೆ ಧಾರವಾಡದಿಂದ ಹುಬ್ಬಳ್ಳಿಗೆ ಬರೂ ಮುಂದ ಚಿಗರಿ ಬಸ್ಸಿನಾಗ ನಿಂತಕೊಂಡ. ಈಗ ಇದ್ದಂಗ ನಮ್ಮ ಪತ್ರಿಕಿಯೊಳಗ ಹಾಕಾಕ ಬರೂದಿಲ್ರಿ. ವಾಪಸ್ ಕಳಸಾಕತ್ತೇನಿ, ಆದ್ರ ಬ್ಯಾಡ ಅಂತಲ್ಲ, ತಿದ್ದಿ ಕಳಸ್ರಿ ಅಂತ. ವಿಷಯ ಭಾಳ ಛಲೋ ಐತಿ, ಕನ್ನಡದಾಗ ಇದನ್ನ ಬರಿಯವ್ರ ಕಡಿಮಿ, ಅದಕ್ಕ ಇಷ್ಟುದ್ದ ಬರಿಯಾಕತ್ತೇನಿ, ಸಿಟ್ಟಾಗಬ್ಯಾಡ್ರಿ.

ಮೊದಲ ಸಣ್ಣ ತಕರಾರ. 'ದ್ವಿ-ಅಂಧ ಯಾದೃಚ್ಛಿಕೀಕೃತ ನಿಯಂತ್ರಿತ ಪ್ರಯೋಗ' ಅಂತ ಬರದೀರಲ್ಲ, ನಮ್ಮ ಡಿಟಿಪಿ ಮಾಡೋ ಹುಡುಗ ಟೈಪ್ ಮಾಡ್ತಾ ಮಾಡ್ತಾ "ಸರ, ಇಬ್ರೂ ಕುರುಡ್ರೇನ್ರಿ?" ಅಂದ. ನಕ್ಕಿವಿ, ಆದ್ರ ಅವಂದೇನ್ ತಪ್ಪು? ದ್ವಿ-ಅಂಧ ಅನ್ನೋ ಬದ್ಲಿ, ಎರಡೂ ಗುಳಿಗಿ ಒಂದ ಬಣ್ಣ, ಒಂದ ಸೈಜು, ಯಾವದು ಹೊಸಾದು ಯಾವದು ಹಳೇದು ಅಂತ ನುಂಗವ್ರಿಗೂ ಗೊತ್ತಿಲ್ಲ ಕೊಡೋ ಡಾಕ್ಟರ್‌ಗೂ ಗೊತ್ತಿಲ್ಲ ಅಂತ ಬರದ್ರ ಮುಗೀತು.

ಈಗ ಅಸಲಿ ಮಾತು. ನಿಮ್ಮ ಲೇಖನ ಶುರು ಆಗೋದ ರಿಸಲ್ಟ್ ಬಂದ ಮ್ಯಾಲೆ. ಟೇಬಲ್, ಪರ್ಸೆಂಟೇಜ್, ಪಿ-ವ್ಯಾಲ್ಯೂ (ಎರಡೂ ಔಷಧ ಒಂದ ಥರದ್ದ ಇದ್ರೂ ಬರೇ ನಸೀಬದಿಂದ ಇಷ್ಟೋ ಇದಕ್ಕಿಂತ ಜಾಸ್ತಿನೋ ಫರಕು ಬರೋ ಸಾಧ್ಯತಾ). ಆದ್ರ ಇಂಥಾ ಟ್ರಯಲ್‌ನಾಗ ನ್ಯಾಯ ಅನ್ಯಾಯ ಎಲ್ಲಾ ಮೊದಲ್ನೇ ಪೇಷಂಟಿಗೆ ಗುಳಿಗಿ ಕೊಡೂಕಿಂತ ಮೊದಲ ತೀರ್ಮಾನ ಆಗಿರತೈತ್ರಿ, ಅದರ ಬಗ್ಗೆ ನಿಮ್ಮ ಕಡೆ ಒಂದ ಸಾಲು ಐತಿ: 'ವೈದ್ಯರು ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು'. ಹೆಂಗ ವಿಂಗಡಿಸಿದ್ರು?

ನಿಮ್ಮ ಪತ್ರದಾಗ ಮನ್ಯಾಗ ಹೊಲ ಐತಿ ಅಂದೀರಿ. ಹೊಸ ಗೋವಿನಜೋಳದ ಬೀಜ ಎರಿ ಹೊಲದಾಗ ಹಾಕಿ, ಹಳೇ ಬೀಜ ಮಸಾರಿ ಹೊಲದಾಗ ಹಾಕಿ, ನೋಡ್ರಿ ಹೊಸಾದು ಹೆಂಗ ಬಂದೈತಿ ಅಂದ್ರ ನಿಮ್ಮಪ್ಪಾರು ಒಪ್ತಾರೇನು? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಾಕುಗಳ್ನ ನೋಡಿದ್ರ ಗೊತ್ತಾಗತೈತಿ, ಒಂದ ತಳಿ ಅಲ್ಲಲ್ಲೆ ನಾಕೈದು ಕಡೆ ಬಿತ್ತಿರ್ತಾರ, ಎಲ್ಲೆ ಯಾವದು ಅನ್ನೋದು ಚೀಟಿ ಎತ್ತಿದಂಗ. ಈ ಪದ್ಧತಿ ಹುಟ್ಟಿದ್ದ ಹೊಲದಾಗ್ರಿ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಾಗ, 1920ರ ದಶಕದಾಗ ಫಿಶರ್ ಅನ್ನೋ ಸ್ಟ್ಯಾಟಿಸ್ಟಿಷಿಯನ್ (ಸಂಖ್ಯಾಶಾಸ್ತ್ರಜ್ಞ) ಗಟ್ಟಿ ಮಾಡಿದ್ದು. ದವಾಖಾನಿಗೆ ಬಂದದ್ದು ಆಮ್ಯಾಲೆ.

ಅದು ಬಂದ ಕಥಿನ ನಿಮ್ಮ ಲೇಖನದ ಮೊದಲ್ನೇ ಪ್ಯಾರಾ ಆಗ್ಬೇಕು. ಎರಡನೇ ಮಹಾಯುದ್ಧ ಮುಗದಿತ್ತು, ಬ್ರಿಟನ್‌ನಾಗ ಕ್ಷಯಕ್ಕ ಸ್ಟ್ರೆಪ್ಟೋಮೈಸಿನ್ ಅನ್ನೋ ಹೊಸ ಔಷಧ ಇತ್ತು ಆದ್ರ ಎಲ್ಲಾರಿಗೂ ಸಾಲುವಷ್ಟ ಇರಲಿಲ್ಲ. ಆಗಿನ ರೂಢಿ ಚಿಕಿತ್ಸಾ ಅಂದ್ರ ಹಾಸಿಗಿ ಮ್ಯಾಲೆ ಮಲಗಿ ವಿಶ್ರಾಂತಿ, ಅಷ್ಟ. ಬ್ರಾಡ್‌ಫೋರ್ಡ್ ಹಿಲ್ ಅನ್ನೋ ಸ್ಟ್ಯಾಟಿಸ್ಟಿಷಿಯನ್ ಯಾರಿಗೆ ಯಾವದು ಅನ್ನೋದನ್ನ ರ್‍ಯಾಂಡಮ್ ನಂಬರ್ ನೋಡಿ ಬರದು, ಪಾಕೀಟಿನಾಗ ಹಾಕಿ ಅಂಟಿಸಿ ಇಡಿಸಿದ್ರು, ಮ್ಯಾಲೆ ಆಸ್ಪತ್ರಿ ಹೆಸರು, ಒಂದ ನಂಬರ್ ಬಿಟ್ರ ಏನೂ ಇಲ್ಲ. ಪೇಷಂಟ್‌ನ ಟ್ರಯಲ್‌ಗೆ ತಗೊಂಡ ಮ್ಯಾಲೇನ ಪಾಕೀಟ ಒಡಿಯೋದು. ಯಾಕಂದ್ರ ಮುಂದಿನ ಸರದಿ ಹೊಸ ಔಷಧದ್ದು ಅಂತ ಮೊದಲ ಗೊತ್ತಾದ್ರ ಡಾಕ್ಟರ್ ಕೈ ಸುಮ್ನಿರೂದಿಲ್ರಿ, ಮೋಸ ಅಲ್ಲ, ಕನಿಕರ, 'ಈ ಹುಡುಗಗ ಸಿಗಲಿ' ಅನ್ನಸ್ತೈತಿ. 1948ರಾಗ ವರದಿ ಬಂತು: 107 ಮಂದಿ, ಆರ ತಿಂಗಳದಾಗ ಹೊಸ ಔಷಧದ 55 ಮಂದಿಯೊಳಗ 4 ಸಾವು, ಬರೇ ವಿಶ್ರಾಂತಿಯ 52ರಾಗ 14.

ಇನ್ನೊಂದ ಮಜಾ. ನೀವು 'ದ್ವಿ-ಅಂಧ ಇಲ್ಲದಿದ್ದರೆ ಪ್ರಯೋಗವೇ ಅಲ್ಲ' ಅಂದೀರಿ, ಈ ಟ್ರಯಲ್ ಹಂಗ ಇರ್ಲೇ ಇಲ್ಲ! ದಿನಕ್ಕ ನಾಕ ಇಂಜೆಕ್ಷನ್, ನಾಕ ತಿಂಗಳ. ಸುಳ್ಳ ನೀರಿನ ಸೂಜಿ ಅಷ್ಟ ಸಲ ಯಾರಿಗೆ ಚುಚ್ಚಾಕಾದೀತು? ಅದಕ್ಕ ಎಕ್ಸ್‌ರೇ ನೋಡವ್ರಿಗೆ ಮಾತ್ರ ಇದು ಯಾರ ಗುಂಪಿಂದು ಅಂತ ಹೇಳಲಿಲ್ಲ. ಆ ಸಾಲು ತಗೀರಿ.

ನಿಮ್ಮ ಉದಾಹರಣಿಗೆ ಬರ್ತೇನಿ. ಹುಳಕಡ್ಡಿಗೆ ಹೊಸ ಮುಲಾಮು ಹಚ್ಚಿದ 20 ಮಂದಿಯೊಳಗ 14 ಮಂದಿಗೆ ವಾಸಿ, ಹಳೇದರಾಗ 20ಕ್ಕ 12, ಅದಕ್ಕ ಹೊಸಾದು 'ಶೇ. 10 ಹೆಚ್ಚು ಪರಿಣಾಮಕಾರಿ'. ಇಬ್ರ ಮಂದಿ ರೀ ಅದು. (12ಕ್ಕ 14 ಅಂದ್ರ ಶೇ. 17 ಜಾಸ್ತಿ ಅಂತನೂ ಹೇಳಬಹುದು, ಮಾರವ್ರು ಯಾವದು ದೊಡ್ಡದ ಕಾಣತೈತೋ ಅದನ್ನ ಹಾಕ್ತಾರ.) ನಾನು ಲೆಕ್ಕ ಹಾಕಿ ನೋಡಿದೆ, ಎರಡೂ ಮುಲಾಮು ಒಂದ ಥರದ್ದ ಇದ್ರೂ, ಎರಡರಾಗೂ ನೂರಕ್ಕ 65 ಮಂದಿಗೆ ವಾಸಿ ಆಗೋದಿದ್ರೂ, ಇಂಥಾ ಹತ್ತ ಟ್ರಯಲ್ ಮಾಡಿದ್ರ ಸುಮಾರ ಮೂರರಾಗ ಹೊಸಾದು ಇಬ್ರಷ್ಟೋ ಅದಕ್ಕಿಂತ ಜಾಸ್ತಿನೋ ಮುಂದ ಇರತೈತಿ, ಬರೇ ನಸೀಬದಿಂದ. ವಾಸಿ ಆಗವ್ರು ನಿಜವಾಗ್ಲೂ ನೂರಕ್ಕ 60ರಿಂದ 70ಕ್ಕ ಏರ್‍ಯಾರ ಅನ್ನೋದನ್ನ ನೂರಕ್ಕ 80 ಸಲ ಹಿಡೀಬೇಕು, ಸುಳ್ಳ ಗೆಲುವು ನೂರಕ್ಕ 5 ದಾಟಬಾರ್ದು ಅಂದ್ರ ಒಂದೊಂದ ಗುಂಪಿಗೆ 350ರ ಮ್ಯಾಲೆ ಮಂದಿ ಬೇಕು. 60ರಿಂದ 80ಕ್ಕ ಆದ್ರ ಸುಮಾರ 80 ಮಂದಿ ಸಾಕು. ಫರಕು ಅರ್ಧ ಆದ್ರ ಮಂದಿ ನಾಕ ಪಟ್ಟು, ಇದನ್ನೂ ಮೊದಲ ಕುಂತು ಲೆಕ್ಕ ಹಾಕ್ಬೇಕು.

ಮುಲಾಮು ಅರ್ಧಕ್ಕ ಬಿಟ್ಟವ್ರನ್ನ ಲೆಕ್ಕದಿಂದ ತಗದೀರಿ. ಬ್ಯಾಡ್ರಿ. ಉರಿ ಅಂತ ಬಿಟ್ಟಿದ್ರ ಅದೂ ಮುಲಾಮಿಂದ ಗುಣ, ಯಾವ ಗುಂಪಿಗೆ ಚೀಟಿ ಬಂದಿತ್ತೋ ಅಲ್ಲೇ ಎಣಸ್ಬೇಕು.

ಕಡೀ ಸಾಲಂತೂ ತಪ್ಪ: 'ವ್ಯತ್ಯಾಸ ಕಾಣದಿದ್ದರೆ ಎರಡೂ ಸಮಾನ'. ಫರಕು ಕಾಣಲಿಲ್ಲ ಅಂದ್ರ ಫರಕು ಇಲ್ಲ ಅಂತಲ್ಲ, ಮಂದಿ ಕಡಿಮಿ ಇದ್ರ ಆನಿನೂ ಕಾಣೂದಿಲ್ಲ. ಹೊಸಾದು ಹಳೇದಕ್ಕಿಂತ ಕಡಿಮಿ ಇಲ್ಲ ಅಂತ ತೋರಸ್ಬೇಕಾದ್ರ ಎಷ್ಟ ಕಡಿಮಿ ಆದ್ರ ನಡೀತೈತಿ ಅನ್ನೋ ಗೆರಿ ಮೊದಲ ಎಳೀಬೇಕು. ನಮ್ಮ ದೇಶದ್ದ ಉದಾಹರಣಿ ಹಾಕ್ರಿ: 1956ರಾಗ ಮದ್ರಾಸಿನಾಗ ಕ್ಷಯದವ್ರನ್ನ ಚೀಟಿ ಎತ್ತಿದಂಗ ಹಂಚಿ ಅರ್ಧ ಮಂದಿಗೆ ಸ್ಯಾನಟೋರಿಯಂನಾಗ (ಕ್ಷಯದವ್ರನ್ನ ಇಟ್ಟಕೊಂಡ ನೋಡೋ ಆಸ್ಪತ್ರಿ), ಅರ್ಧ ಮಂದಿಗೆ ಮನ್ಯಾಗ ಅವೇ ಗುಳಿಗಿ ಕೊಟ್ಟ ನೋಡಿದ್ರು. ಮನಿ ಭಾಳ ಛಲೋ ಅಂತ ತೋರಸೋದಲ್ಲ ಅಲ್ಲೆ ಪ್ರಶ್ನಿ, ಇಕ್ಕಟ್ಟಿನ ಮನ್ಯಾಗ, ಬಡತನದಾಗ ಇದ್ರೂ ವಾಸಿ ಆಗ್ತಾರೋ ಇಲ್ಲೋ ಅಂತ. ಆದ್ರು. 1959ರಾಗ ವರದಿ ಬಂತು.

ಟೇಬಲ್ ಮೂರೂ ತಗೀರಿ, 900 ಪದದೊಳಗ ಇರಲಿ. ಮತ್ತ ಈ ಸಲ ನುಡಿ ಫಾಂಟಿನಾಗ ಬ್ಯಾಡ, ಯೂನಿಕೋಡ್‌ನಾಗ ಕಳಸ್ರಿ, ಹೋದ ಸಲ ಒತ್ತಕ್ಷರ ಎಲ್ಲಾ ಹಾರಿ ಹೋಗಿದ್ವು.