ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂದರೆ ನಮ್ಮ ಐಟಿಐ ತರಹದ್ದಾ?

ನಿಮ್ಮ ಪ್ರಶ್ನೆ ಇದು: ಮಗಳು ಇಂಗ್ಲೆಂಡಿನಲ್ಲಿ ಎ-ಲೆವೆಲ್, ಅಂದರೆ ನಮ್ಮ ಪಿಯುಸಿ ತರಹದ್ದು, ಓದುತ್ತಿದ್ದಾಳೆ. ಯೂನಿವರ್ಸಿಟಿಗೆ ಸುಮ್ನೆ ಹೋಗಲ್ಲ, ಸಿವಿಲ್‌ನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಮಾಡುತ್ತೇನೆ ಅನ್ನುತ್ತಾಳೆ. ಇದು ಐಟಿಐ ತರಹದ್ದಾ, ಡಿಗ್ರಿಗೆ ಬೆಲೆ ಇದೆಯಾ, ಹುಡುಗಿ ಸೈಟಿನಲ್ಲಿ ನಿಭಾಯಿಸುತ್ತಾಳಾ?

ನಾನು ಅದನ್ನೇ ಮಾಡುತ್ತಿದ್ದೇನೆ, ಈಗ ನಾಲ್ಕನೇ ವರ್ಷ. ನಾನೂ ಹುಡುಗಿಯೇ. ಹದಿಮೂರು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ತಿಪಟೂರಿನಿಂದ ಇಲ್ಲಿಗೆ ಬಂದೆ. ವಿಷಯ ಹೇಳಿದ ದಿನ ಅಮ್ಮ ಕೇಳಿದ್ದೂ ಇದನ್ನೇ. ಯುಗಾದಿ ಕಾರ್ಯಕ್ರಮದಲ್ಲಿ ಯಾರಾದರೂ "ಮಗಳು ಯಾವ ಯೂನಿವರ್ಸಿಟಿ?" ಅಂದರೆ ಏನು ಹೇಳಲಿ ಅನ್ನುವುದು ಅವರ ದೊಡ್ಡ ಚಿಂತೆ.

ಯೂನಿವರ್ಸಿಟಿ ಹೆಸರೇ ಹೇಳಬಹುದು. ಇದು ಲೆವೆಲ್ 6, ಅಂದರೆ ಪೂರ್ತಿ ಬ್ಯಾಚುಲರ್ ಡಿಗ್ರಿ. ಪಕ್ಕದಲ್ಲಿ ಕೂತು ಕೇಳುವವರು ಮಾಮೂಲಿ ವಿದ್ಯಾರ್ಥಿಗಳು, ಪರೀಕ್ಷೆಯಲ್ಲೂ ರಿಯಾಯಿತಿ ಇಲ್ಲ. ವ್ಯತ್ಯಾಸ ಇಷ್ಟೇ, ನಾನು ಮೊದಲು ಕಂಪನಿಯ ಉದ್ಯೋಗಿ, ಆಮೇಲೆ ವಿದ್ಯಾರ್ಥಿ. ವಾರದಲ್ಲಿ ನಾಲ್ಕು ದಿನ ಸೈಟು, ಗುರುವಾರ ಕ್ಲಾಸು. ಕೆಲವು ಕಡೆ ವಾರಕ್ಕೊಂದು ದಿನದ ಬದಲು ಒಂದೆರಡು ವಾರ ಒಟ್ಟಿಗೆ ಕೂರಿಸುತ್ತಾರೆ. ಕೊನೆಯಲ್ಲಿ ಐಸಿಇ, ಅಂದರೆ ಇಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ, ಮುಂದೆ ಕೂತು ಪ್ರಶ್ನೆ ಕೇಳುತ್ತದೆ. ಪಾಸಾದರೆ ಇನ್‌ಕಾರ್ಪೊರೇಟೆಡ್ ಎಂಜಿನಿಯರ್ ಅನ್ನುವ ವೃತ್ತಿಯ ದರ್ಜೆ. ಅದಕ್ಕಿಂತ ಮೇಲಿನ ದರ್ಜೆಯ ಚಾರ್ಟರ್ಡ್ ಎಂಜಿನಿಯರ್ ಆಗಬೇಕಾದರೆ ಮಾಸ್ಟರ್ಸ್ ಮಟ್ಟದ ಓದು ಇನ್ನೂ ಬೇಕು.

ಅಪ್ರೆಂಟಿಸ್ ಅನ್ನುವ ಮಾತೇ ಕೀಳು ಅನಿಸಿದರೆ ಒಂದು ವಿಷಯ ನೆನಪಿಡಿ. ಐಸಿಇ ಶುರುವಾಗಿದ್ದು 1818ರಲ್ಲಿ. ಅದರ ಮೊದಲ ಅಧ್ಯಕ್ಷ ಥಾಮಸ್ ಟೆಲ್ಫರ್ಡ್, ಸ್ಕಾಟ್ಲೆಂಡಿನ ಕುರಿಗಾಹಿಯ ಮಗ. ಕಲ್ಲುಕುಟಿಗರ ಕೈಕೆಳಗೆ ಅಪ್ರೆಂಟಿಸ್ ಆಗಿ ಕೆಲಸ ಕಲಿತವನು. ಅಮ್ಮನಿಗೆ ಇದನ್ನು ಹೇಳಿದಾಗ "ನಿಮ್ಮ ತಾತನೂ ಅದೇ ಅಲ್ವಾ" ಅಂದರು. ನನ್ನ ತಾತ ಗಾರೆ ಮೇಸ್ತ್ರಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಫೀಸ್ ನಾವು ಕೊಡುವಂತಿಲ್ಲ. ಇಲ್ಲಿ ಮಾಮೂಲಿ ಡಿಗ್ರಿಗೆ ವರ್ಷಕ್ಕೆ 9,000 ಪೌಂಡಿಗಿಂತ ಜಾಸ್ತಿ ಆಗುತ್ತದೆ. ಎಲ್ಲ ಉದ್ಯೋಗಿಗಳ ಸಂಬಳ ಸೇರಿ ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಕೊಡುವ ಕಂಪನಿಗಳಿಂದ ಸರ್ಕಾರ 2017ರಿಂದ 0.5 ಶೇಕಡಾ ತೆರಿಗೆ ವಸೂಲು ಮಾಡುತ್ತಿದೆ, ನಮ್ಮ ಫೀಸ್ ಆ ದುಡ್ಡಿನಿಂದ ಹೋಗುತ್ತದೆ. ಮೇಲೆ ಸಂಬಳ ಬೇರೆ. ಮೊದಲ ವರ್ಷದ ಅಪ್ರೆಂಟಿಸ್‌ಗೆ ಕಾನೂನಿನ ಕನಿಷ್ಠ ದರ 2025ರ ಏಪ್ರಿಲ್‌ನಲ್ಲಿ ಗಂಟೆಗೆ 7.55 ಪೌಂಡ್ ಆಯಿತು. ಕಟ್ಟಡದ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿ ಕೊಡುತ್ತವೆ.

ಆದರೆ ಇದನ್ನು ಓದಿ ಊರಿನಲ್ಲಿರುವ ತಮ್ಮಂದಿರಿಗೆ ಆಸೆ ಹುಟ್ಟಿಸಬೇಡಿ. ಇದಕ್ಕೆ ಕೆಲಸ ಮಾಡುವ ಹಕ್ಕು ಇರಬೇಕು, ಸಾಮಾನ್ಯವಾಗಿ ಹಿಂದಿನ ಮೂರು ವರ್ಷ ಇಲ್ಲೇ ವಾಸವಿರಬೇಕು. ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ.

ಇನ್ನು ಓದಿನ ವಿಷಯ. ಎರಡನೇ ವರ್ಷದಲ್ಲಿ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಪಾಯದ ಗುಂಡಿ ಎಷ್ಟು ಆಳ ಅಗೆಯಬೇಕು ಅಂತ ಲೆವೆಲ್ ಅನ್ನುವ ಮಟ್ಟ ನೋಡುವ ಯಂತ್ರ ಇಟ್ಟು ತೋರಿಸುವ ಕೆಲಸ ನನ್ನದು. ಮೊದಲು ಬೆಂಚ್‌ಮಾರ್ಕ್, ಅಂದರೆ ಎತ್ತರ ಗೊತ್ತಿರುವ ಗುರುತಿನ ಮೇಲೆ ಸ್ಟಾಫ್ ಅನ್ನುವ ಉದ್ದನೆಯ ಅಳತೆಪಟ್ಟಿ ನಿಲ್ಲಿಸಿ ಓದಬೇಕು. ನವೆಂಬರ್ ತಿಂಗಳು, ಮಳೆ, ಬೆರಳು ಮರಗಟ್ಟಿತ್ತು. 1.35 ಮೀಟರ್ ಇದ್ದದ್ದನ್ನು 1.45 ಅಂತ ಬರೆದುಕೊಂಡೆ. ಲೆಕ್ಕವೆಲ್ಲ ಸರಿ, ಹತ್ತು ಸೆಂಟಿಮೀಟರ್ ಮಾತ್ರ ತಪ್ಪು. ನಮ್ಮೂರಲ್ಲಿ ಜೆಸಿಬಿ ಅಂತೀವಲ್ಲ, ಇಲ್ಲಿನವರ ಡಿಗ್ಗರ್, ಅದು ನಾನು ಹೇಳಿದಷ್ಟೇ, ಅಂದರೆ ಹತ್ತು ಸೆಂಟಿಮೀಟರ್ ಜಾಸ್ತಿ ಆಳ, ಅಗೆಯಿತು. ಇನ್ನೊಂದು ಬೆಂಚ್‌ಮಾರ್ಕ್ ಮೇಲೆ ಸ್ಟಾಫ್ ಇಟ್ಟು ತಾಳೆ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನೋಡಲಿಲ್ಲ. ಮಧ್ಯಾಹ್ನ ಸೀನಿಯರ್ ಬಂದು ನೋಡಿದ.

"ಮಣ್ಣು ವಾಪಸ್ ಹಾಕಿ ತುಳಿಸಿದರಾಯಿತು" ಅಂದೆ. ಅವನು ಬೈಯಲಿಲ್ಲ, ನಕ್ಕ. ಒಮ್ಮೆ ಅಗೆದ ಮಣ್ಣು ಮೊದಲಿನ ಮಣ್ಣಲ್ಲ, ಸಡಿಲವಾಗಿರುತ್ತದೆ, ಮೇಲೆ ಭಾರ ಬಿದ್ದಾಗ ಕುಸಿಯುತ್ತದೆ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಕುಸಿದರೆ ಗೋಡೆ ಬಿರುಕು. ಆ ಹತ್ತು ಸೆಂಟಿಮೀಟರಿಗೂ ಕಾಂಕ್ರೀಟೇ ತುಂಬಬೇಕಾಯಿತು. ಅರ್ಧ ದಿನದ ಕೆಲಸ, ಎಷ್ಟೋ ಗಾಡಿ ಕಾಂಕ್ರೀಟು ದಂಡ. ಅದಾಗಿ ಎರಡು ವಾರಕ್ಕೆ ಕ್ಲಾಸಿನಲ್ಲಿ ಮಣ್ಣಿನ ಕುಸಿತದ ಪಾಠ ಬಂತು. ಬೋರ್ಡಿನ ಮೇಲಿನ ಸೂತ್ರ ನೋಡಿದರೆ ನನ್ನ ಕಣ್ಣಿಗೆ ಆ ಗುಂಡಿಯೇ ಕಾಣುತ್ತಿತ್ತು. ಆ ವಿಷಯದಲ್ಲಿ ನನಗೆ ಒಳ್ಳೆ ಮಾರ್ಕ್ಸ್ ಬಂದಿದೆ, ಯಾಕೆ ಅಂತ ಕ್ಲಾಸಿನಲ್ಲಿ ಯಾರಿಗೂ ಹೇಳಿಲ್ಲ.

ತಾತನಿಗೆ ಫೋನಿನಲ್ಲಿ ಹೇಳಿದೆ. ಅವರು ನೀರು ತುಂಬಿದ ಟ್ಯೂಬಿನಲ್ಲಿ ಮಟ್ಟ ನೋಡಿದವರು, ಮೂರು-ನಾಲ್ಕು-ಐದು ಅಡಿ ದಾರ ಹಿಡಿದು ಮೂಲೆಮಟ್ಟ ತೆಗೆದವರು. "ಎರಡು ಸಲ ನೋಡಲಿಲ್ವೇನವ್ವಾ?" ಅಂದರು, ಅಷ್ಟೇ. ಆ ಮೂರು-ನಾಲ್ಕು-ಐದು ಇಲ್ಲಿಯೂ ನಡೆಯುತ್ತದೆ. ಲಕ್ಷಗಟ್ಟಲೆ ಬೆಲೆಯ ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಇದ್ದರೂ ನಾನು ಕೊನೆಗೆ ಟೇಪ್ ಹಿಡಿದು ಒಮ್ಮೆ ನೋಡುತ್ತೇನೆ.

ಕಷ್ಟ ಇಲ್ವಾ ಅಂದರೆ ಇದೆ. ಐದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದ ಗೆಳತಿಯರಿಗೆ ಬೇಸಿಗೆ ಪೂರ್ತಿ ರಜೆ ಇತ್ತು, ನನಗೆ ಕಂಪನಿ ಕೊಡುವ ಲೆಕ್ಕದ ರಜೆ. ಬೆಳಗ್ಗೆ ಏಳೂವರೆಗೆ ಸೈಟಿನಲ್ಲಿ ನಿಂತವಳು ರಾತ್ರಿ ಅಸೈನ್‌ಮೆಂಟ್ ಬರೆಯಬೇಕು. ಒಂದಷ್ಟು ಗಂಟೆ ಕಲಿಕೆಗೆ ಕೆಲಸದ ಸಮಯದಲ್ಲೇ ಬಿಡಬೇಕು ಅಂತ ನಿಯಮವಿದೆ. ಕ್ಲಾಸಿನ ದಿನವೇ ಅದನ್ನು ತಿಂದುಹಾಕುತ್ತದೆ, ಬರೆಯುವುದು ಶನಿವಾರ ಭಾನುವಾರಕ್ಕೇ. ಕಲಿತದ್ದಕ್ಕೆಲ್ಲ ಲಾಗ್‌ಬುಕ್ಕಿನಲ್ಲಿ ಸಾಕ್ಷಿ ಬೇರೆ ಹಾಕಬೇಕು. ಅದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ.

ಹಾಗಾಗಿ ಮಗಳು ಇಂಟರ್‌ವ್ಯೂನಲ್ಲಿ ಸಂಬಳಕ್ಕಿಂತ ಮೊದಲು ಎರಡು ಕೇಳಲಿ. ಐದು ವರ್ಷದಲ್ಲಿ ಸೈಟೂ ಡಿಸೈನ್ ಆಫೀಸೂ ಎರಡೂ ಸಿಗುತ್ತವಾ? ನನಗೆ ಕಲಿಸಲು ಇರುವ ಎಂಜಿನಿಯರ್ ಯಾರು, ಅವರು ಕೂರುವುದು ನಾನಿರುವ ಕಡೆಯೇನಾ? ನನ್ನ ಬ್ಯಾಚಿನ ಒಬ್ಬನಿಗೆ ಕಲಿಸುವವರು ಇನ್ನೊಂದು ಊರಲ್ಲಿದ್ದರು. ಎರಡು ವರ್ಷ ಅವನು ಬರೀ ಫೋಟೋ ತೆಗೆದು ಫೈಲ್ ಮಾಡಿದ. ಸೀಟು ಕಡಿಮೆ, ಅರ್ಜಿ ಬಹಳ. ಮಾಮೂಲಿ ಡಿಗ್ರಿಗೆ ಅರ್ಜಿ ತೆಗೆದುಕೊಳ್ಳುವ ಯುಕಾಸ್‌ನಲ್ಲೂ ಅರ್ಜಿ ಹಾಕಿಟ್ಟಿರಲಿ, ಎರಡೂ ಒಟ್ಟಿಗೆ ಮಾಡಬಹುದು.

ಹುಡುಗಿಯ ವಿಷಯ. ನನ್ನ ಮೊದಲ ಸೈಟಿನಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ತೊಂದರೆ ಕೊಟ್ಟದ್ದು ಗ್ಲೌಸು, ಎಲ್ಲ ಗಂಡಸರ ಸೈಜು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಇದ್ದರೆ ಪೆನ್ಸಿಲ್ ಹಿಡಿಯಲಾಗುವುದಿಲ್ಲ, ಬಿಚ್ಚಿದರೆ ಚಳಿ. ಮರಗಟ್ಟಿದ ಬೆರಳಿನ ಕಥೆ ಮೇಲೆ ಹೇಳಿದೆನಲ್ಲ. ಹೆಂಗಸರ ಅಳತೆಯ ಗ್ಲೌಸೂ ಬೂಟೂ ಬೇಕು ಅಂತ ಸೇರುವ ದಿನವೇ ಕೇಳಲಿ, ಕಂಪನಿ ತನ್ನ ಖರ್ಚಿನಲ್ಲಿ ಕೊಡಬೇಕು. ಬೂಟು ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಲಿ. ನಾನು ಅಂಗಡಿಗೆ ತೆಳು ಕಾಲುಚೀಲದಲ್ಲಿ ಹೋಗಿದ್ದೆ.